ಮೊದಲ ಸೂಜಿ ನಮ್ಮ ಬಟ್ಟೆಗೆ

ಕೃಷ್ಣವೇಣಿಗೆ ಬದುಕಿನಲ್ಲಿ ಸಿಕ್ಕ ಮೊದಲ ಕೆಲಸ ರೊಪ್ಪದ ಬಾಗಿಲು ಕಾಯುವುದು. ಆಂಧ್ರದ ಗಡಿಯ ಗುಮ್ಮಘಟ್ಟದ ಹೊರಗೆ ಮುಳ್ಳುಬೇಲಿ ಸುತ್ತಿದ ಅವರ ಕುರಿರೊಪ್ಪಕ್ಕೆ ಇದ್ದದ್ದು ಒಂದೇ ಕಂಡಿ. ಸಂಜೆ ಅಪ್ಪ ಪಾಲಯ್ಯ ಹಿಂಡು ಹೊಡೆದುಕೊಂಡು ಬಂದರೆ, ಕಂಡಿಯ ಪಕ್ಕದ ಕಲ್ಲಿನ ಮೇಲೆ ಕೂತು ಒಂದೊಂದೇ ಕುರಿಯನ್ನು ಎಣಿಸಿ ಒಳಗೆ ಬಿಡಬೇಕು. ಬೆಳಿಗ್ಗೆ ಹೊರಗೆ ಬಿಡುವಾಗ ಮತ್ತೆ ಎಣಿಸಬೇಕು. ಒಳಗೆ ಹೋದ ಲೆಕ್ಕವೂ ಹೊರಗೆ ಬಂದ ಲೆಕ್ಕವೂ ತಾಳೆಯಾದರೆ ಅಂದಿನ ಅನ್ನ ಮೈಗೆ ಹತ್ತುತ್ತಿತ್ತು. ತಾಳೆಯಾಗದಿದ್ದರೆ ತೋಳ ಬಂದಿರಬೇಕು, ಇಲ್ಲವೇ ಯಾವುದೋ ತುಂಟ ಟಗರು ಬೇಲಿ ಹಾರಿರಬೇಕು.

ಆ ವರ್ಷಗಳಲ್ಲಿ ಅವಳ ಅವ್ವ ದುರುಗಕ್ಕ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದಳು. ರಾಯದುರ್ಗ, ಮಡಕಶಿರಾ ಸೀಮೆಯ ಅರ್ಧ ಹೆಣ್ಣುಮಕ್ಕಳು ಆಗ ಅಲ್ಲೇ ಇದ್ದರು ಎನ್ನಿ. ಕಾಲರ್ ಹೊಲಿಯುವವಳು ಕಾಲರ್ ಮಾತ್ರ, ತೋಳು ಹೊಲಿಯುವವಳು ತೋಳು ಮಾತ್ರ. ಇಡೀ ಅಂಗಿ ಹೇಗಿರುತ್ತದೆಂದು ಯಾರೂ ನೋಡಿದವರಿಲ್ಲ. ದುರುಗಕ್ಕ ಹಬ್ಬಕ್ಕೊಮ್ಮೆ ಬರುತ್ತಿದ್ದಳು. ಉಳಿದ ದಿನಗಳಲ್ಲಿ ಸಂಜೆಯ ಎಣಿಕೆ ಮುಗಿದ ಮೇಲೆ ಪಾಲಯ್ಯ ಮಗಳನ್ನು ಕೇಳುತ್ತಿದ್ದ: “ಎಲ್ಲಾ ಬಂದಾವೇನವ್ವಾ?”

“ಕುರಿ ಎಲ್ಲಾ ಬಂದಾವಪ್ಪ. ಅವ್ವ ಬಂದಿಲ್ಲ.”

ಪಾಲಯ್ಯ ಆಗ ಕಂಬಳಿ ಕೊಡವುತ್ತ ಮಳೆಯ ಮಾತು ತೆಗೆಯುತ್ತಿದ್ದ. ಮಳೆಯಂತೂ ಆ ಸೀಮೆಯಲ್ಲಿ ಮಾತಿಗೆ ಮಾತ್ರ ಸಿಗುವ ವಸ್ತು.

ರಾಯದುರ್ಗದಲ್ಲಿ ಜೀನ್ಸ್ ಯೂನಿಟ್‌ಗಳು ಒಂದರ ಬೆನ್ನಿಗೊಂದು ಎದ್ದಾಗ ದುರುಗಕ್ಕ ಬೆಂಗಳೂರು ಬಿಟ್ಟು ಬಂದಳು. ಗುಮ್ಮಘಟ್ಟದಿಂದ ಷೇರ್ ಆಟೋ ಹತ್ತಿದರೆ ಬೆಳಗಿನ ಹಾಜರಿಗೆ ಮುಟ್ಟಬಹುದು, ಕತ್ತಲಾಗುವುದರೊಳಗೆ ಮನೆ ಸೇರಬಹುದು. ಅಷ್ಟರಲ್ಲಿ ಕೃಷ್ಣವೇಣಿ ಹೈಸ್ಕೂಲು ಮುಗಿಸಿದ್ದಳು. ಅನಂತಪುರದಲ್ಲಿ ಡಿಪ್ಲೊಮಾ ಓದಿದಳು, ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದು ಕಲಿತಳು. ಜೊತೆಯವರು ಬೆಂಗಳೂರಿನ ಬಸ್ಸು ಹಿಡಿದರೆ ಇವಳು ರಾಯದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಳು. ಯಾಕೆ ಎಂದು ಕೇಳಿದವರಿಗೆ, “ಆ ಊರಿಗೆ ನಮ್ಮ ಮನಿಯಿಂದ ಕೊಡೋದೆಲ್ಲ ಕೊಟ್ಟಾತ್ರಿ” ಎನ್ನುತ್ತಿದ್ದಳು.

ಅವ್ವ ಕೆಲಸ ಮಾಡುತ್ತಿದ್ದ ಯೂನಿಟ್ಟಿನ ಮಾಲೀಕ ಆದಿನಾರಾಯಣ, ಮಡಕಶಿರಾದಲ್ಲಿ ಮುಚ್ಚಿಹೋದ ಯೂನಿಟ್ಟೊಂದರಿಂದ ಒಂದು ವರ್ಷ ಹಳೆಯ ಎಂಬ್ರಾಯಿಡರಿ ಮಿಷನ್ ಎತ್ತಿಸಿಕೊಂಡು ಬಂದ. ಜೀನ್ಸ್ ಪ್ಯಾಂಟಿನ ಹಿಂಜೇಬಿನ ಮೇಲೆ ಎಲೆ, ಬಳ್ಳಿ ಹೊಲಿಯುವ ಮಿಷನ್ ಅದು. ಕೈಕಾಲು ಗಟ್ಟಿಯಾಗಿದ್ದವು, ತಲೆ ಮಾತ್ರ ಸುಟ್ಟಿತ್ತು. ಅದನ್ನು ನಡೆಸುವ ಬೋರ್ಡಿಗೆ ಜೀವ ಇರಲಿಲ್ಲ. ಮಿಷನ್ ಜೊತೆ ಬಂದ ಗುಡಿಬಂಡೆಯ ಎಲೆಕ್ಟ್ರಿಷಿಯನ್ ಹರೀಶ್ ವೈರು, ಮೋಟಾರು ಕೂಡಿಸಿ ಅಂಗೈಯಗಲದ ಒಂದು ಕಂಪ್ಯೂಟರ್ ಜೋಡಿಸಿದ. ಅದರೊಳಗೆ ಕೂರುವ ಪ್ರೋಗ್ರಾಮನ್ನು ಕೃಷ್ಣವೇಣಿ ಬರೆದಳು. ಮೊದಲ ಎಲೆ ಜೇಬಿನ ಮೇಲೆ ಮೂಡಿದ ದಿನ ಆದಿನಾರಾಯಣ ಯೂನಿಟ್ಟಿಗೆಲ್ಲ ಮಿರ್ಚಿ ತರಿಸಿದ. ದುರುಗಕ್ಕನನ್ನು ಆ ಮಿಷನ್ನಿಗೆ ಆಪರೇಟರ್ ಮಾಡಿದ. ಬಿಡಿ ಕಾಲರ್, ಬಿಡಿ ತೋಳು ಹೊಲಿದು ವರ್ಷಗಳನ್ನು ಕಳೆದವಳು, ಒಂದು ಇಡೀ ಬಳ್ಳಿ ತನ್ನ ಕಣ್ಣೆದುರು ಮೂಡುವುದನ್ನು ನೋಡುತ್ತ ಕೂತಿರುತ್ತಿದ್ದಳು. ಮಿಷನ್ನಿನ ಕಬ್ಬಿಣದ ಮೈಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಮಗಳು ಬರೆದದ್ದು, ಅವ್ವ ಓಡಿಸುವುದು. ಪಾಲಯ್ಯ ಊರಲ್ಲಿ ಇದನ್ನು ಹೇಳಿಕೊಂಡು ತಿರುಗದ ದಿನವೇ ಇರಲಿಲ್ಲ. ಕುರಿಗಳಿಗೂ ಹೇಳಿರಬೇಕು.

ತಕರಾರು ಶುರುವಾದದ್ದು ದೊಡ್ಡ ಆರ್ಡರ್ ಬಂದ ಮೇಲೆ. ಕರೆಂಟು ಹೋದರೂ ಕೆಲಸ ನಿಲ್ಲಬಾರದೆಂದು ಆದಿನಾರಾಯಣ ಇನ್ವರ್ಟರ್ ಹಾಕಿಸಿದ. ಆಮೇಲೆ ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ಜೇಬಿನ ಮೇಲಿನ ಬಳ್ಳಿ ಪಕ್ಕಕ್ಕೆ ಸರಿಯತೊಡಗಿತು. ಮೊದಲು ಒಂದು ಕೂದಲೆಳೆ, ಸಂಜೆಯ ಹೊತ್ತಿಗೆ ಎಲೆಯ ತುದಿ ಜೇಬಿನ ಅಂಚನ್ನೇ ದಾಟುತ್ತಿತ್ತು. ಆ ಮಿಷನ್ನಿಗೆ ಇಬ್ಬರು ಆಪರೇಟರ್‌ಗಳು. ಒಂದು ದಿನ ದುರುಗಕ್ಕ, ಮರುದಿನ ಮಂಜುಳ ಎಂಬ ಚುರುಕು ಹುಡುಗಿ. ಮಂಜುಳ ಕೂತ ದಿನ ಬಳ್ಳಿ ಕೂತಲ್ಲೇ ಕೂರುತ್ತಿತ್ತು. ದುರುಗಕ್ಕ ಕೂತ ದಿನವೇ ಜಾರುತ್ತಿತ್ತು.

ಆದಿನಾರಾಯಣ ಕೆಟ್ಟ ಮನುಷ್ಯನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ದುರುಗಕ್ಕನನ್ನು ಕರೆದು ಮೆತ್ತಗೆ ಹೇಳಿದ: “ತಪ್ಪು ತಿಳೀಬ್ಯಾಡಕ್ಕ. ವಯಸ್ಸು ಅನ್ನೋದು ಎಲ್ಲಾರಿಗೂ ಬರತೈತಿ. ಊಟ ಆದಮ್ಯಾಲೆ ಕಣ್ಣು ಎಳೀತಾವ, ಬಟ್ಟಿ ಸರಿಯಾಗಿ ಕೂಡಸಾಕ ಆಗಂಗಿಲ್ಲ. ಸೋಮವಾರದಿಂದ ನೀನು ದಾರ ಕತ್ತರಿಸೋ ಕಡೆ ಕುಂದ್ರು. ಮಿಷನ್ ಮಂಜುಳ ನೋಡ್ಕಂತಾಳ.”

ದುರುಗಕ್ಕ “ಆತ್ರಿ” ಎಂದಳು. ಬೆಂಗಳೂರಿನಲ್ಲಿ ಕಲಿತು ಬಂದ ಮಾತು ಅದೊಂದೇ.

ಕೃಷ್ಣವೇಣಿಗೆ ಸುದ್ದಿ ಮುಟ್ಟಿದಾಗ ಅವಳು ಯಾರದೋ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಕೂತಿದ್ದಳು. ಸ್ಕ್ರೂ ಡ್ರೈವರ್ ಕೆಳಗಿಟ್ಟು ಯೋಚಿಸಿದಳು. ತಪ್ಪು ಎರಡರಲ್ಲಿ ಒಂದು ಕಡೆ ಇರಬೇಕು: ಅವ್ವನ ಕೈಯಲ್ಲಿ, ಇಲ್ಲವೇ ತನ್ನ ಪ್ರೋಗ್ರಾಮಿನಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಪ್ರೋಗ್ರಾಮ್ ಬರೆಯುವವರ ಮಟ್ಟಿಗೆ ಈ ಗಾದೆ ಎರಡು ಪಟ್ಟು ನಿಜ. ಆದರೆ ಆ ಮಧ್ಯಾಹ್ನ ಕೃಷ್ಣವೇಣಿ, ತಪ್ಪು ತನ್ನದೇ ಆಗಿರಲಿ ಎಂದು ನೇಮಕಲ್ಲಿನ ಆಂಜನೇಯನಿಗೆ ಹರಕೆ ಹೊತ್ತಳು. ಇಂಥ ಹರಕೆಯನ್ನು ಆಂಜನೇಯ ಅದೇ ಮೊದಲು ಕೇಳಿರಬೇಕು.

ಹರೀಶನಿಗೆ ಫೋನು ಮಾಡಿದಳು. ಅವನು ಹೋದ ವಾರವಷ್ಟೇ ಬಂದು ನೋಡಿ ಹೋಗಿದ್ದ. “ವೈರು, ಮೋಟ್ರು ಎಲ್ಲಾ ಸರಿಯಾಗೈತೆ ಕಣಕ್ಕ. ನಿನ್ ಪ್ರೋಗ್ರಾಮ್ ಒಳಗೆ ಏನು ನಡೀತೈತೆ ಅಂತ ನೀನೇ ಇಣುಕಿ ನೋಡ್ಬೇಕು” ಎಂದ.

ಇಣುಕುವುದೇ ಕಷ್ಟ. ಸಿ ಭಾಷೆಯಲ್ಲಿ ಬರೆದದ್ದು ಮನುಷ್ಯರಿಗೆ ಓದಲು ಬರುತ್ತದೆ, ಯಂತ್ರಕ್ಕೆ ಬರುವುದಿಲ್ಲ. ಕಂಪೈಲರ್ ಎಂಬುದು ಅದನ್ನು ಅರೆದು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿ ಮಾಡಿಕೊಡುತ್ತದೆ. ಅರೆದಾದ ಮೇಲೆ ಒಳಗೆ ಯಾವ ಕೆಲಸ ಯಾವಾಗ ನಡೆಯಿತೆಂದು ಹುಡುಕುವುದು, ಖಾರದ ಚಟ್ನಿಯಲ್ಲಿ ಬೆಳ್ಳುಳ್ಳಿಯ ಎಸಳು ಹುಡುಕಿದ ಹಾಗೆ. ಕೃಷ್ಣವೇಣಿಯ ಪ್ರೋಗ್ರಾಮಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ತುಂಡು ಇತ್ತು, ಅದಕ್ಕೆ ಫಂಕ್ಷನ್ ಎನ್ನುತ್ತಾರೆ. ಚೌಕಟ್ಟು ಸರಿಸುವುದೊಂದು, ಸೂಜಿ ಇಳಿಸುವುದೊಂದು, ಬಟ್ಟೆ ಜಗ್ಗುವುದನ್ನು ಸರಿದೂಗಿಸುವುದೊಂದು. ಒಂದು ಇನ್ನೊಂದನ್ನು ಕರೆಯುತ್ತದೆ. ಕರೆಸಿಕೊಂಡದ್ದು ತನ್ನ ಕೆಲಸ ಮುಗಿಸಿ, ಕರೆದವರ ಹತ್ತಿರ ವಾಪಸು ಬರಬೇಕು.

ಹಾಗಾದರೆ ಪ್ರತಿ ಫಂಕ್ಷನ್ನಿನ ಬಾಗಿಲಲ್ಲೂ ಒಬ್ಬರನ್ನು ಕೂರಿಸಬೇಕು. ಕಂಪೈಲರಿಗೆ ಅದಕ್ಕೆಂದೇ ಒಂದು ಸೂಚನೆ ಕೊಡಬಹುದು. ಆಗ ಅದು ಅರೆಯುವಾಗಲೇ ಪ್ರತಿ ಫಂಕ್ಷನ್ನಿನ ಮೊದಲಿಗೆ ‘ಒಳಗೆ ಹೋಯಿತು’ ಎಂದೂ ಕೊನೆಗೆ ‘ಹೊರಗೆ ಬಂತು’ ಎಂದೂ ವರದಿ ಮಾಡುವ ಕರೆಯನ್ನು ಸೇರಿಸಿಬಿಡುತ್ತದೆ. ಆ ವರದಿ ತೆಗೆದುಕೊಳ್ಳುವ ಕಾವಲಿನವನನ್ನು ಮಾತ್ರ ನಾವು ಬರೆಯಬೇಕು. ಕೃಷ್ಣವೇಣಿ ಬರೆದಳು, ಓಡಿಸಿದಳು. ಪ್ರೋಗ್ರಾಮ್ ಕಣ್ಣು ಬಿಡುವ ಮೊದಲೇ ಸತ್ತುಬಿತ್ತು.

ಆ ಸಂಜೆ ರೊಪ್ಪದ ಹತ್ತಿರ ಅಪ್ಪನಿಗೆ ಅದನ್ನು ಬಿಡಿಸಿ ಹೇಳಿದಳು. ಕಾವಲಿನವನೂ ಒಂದು ಫಂಕ್ಷನ್ನೇ ತಾನೆ? ಕಂಪೈಲರ್ ಅವನ ಬಾಗಿಲಿಗೂ ಅವನನ್ನೇ ಕಾವಲು ಹಾಕಿತ್ತು. ತನ್ನನ್ನು ತಾನು ಎಣಿಸಲು ಹೊರಟು, ಎಣಿಸುತ್ತಿರುವವನನ್ನು ಮತ್ತೆ ಎಣಿಸಲು ಹೊರಟು, ಅವನಿಗೆ ಕೊನೆಯೇ ಸಿಗಲಿಲ್ಲ.

ಪಾಲಯ್ಯ ನಕ್ಕ. “ಕಂಡ್ಯಾಗ ಕುಂತಾಕಿ ತಾನೂ ಕುರಿ ಅಂತ ಎಣಿಸಿಕೆಂಡ್ರ ಹಂಗಾ ಆಗೋದು. ಆತನ್ನ ಒಬ್ಬನ್ನ ಬಿಟ್ಟು ಎಣಿಸು ಅಂತ ಹೇಳು.”

ಹಾಗೆಂದು ಕಂಪೈಲರಿಗೆ ಹೇಳುವ ದಾರಿಯೂ ಇತ್ತು. ಅದಾದ ಮೇಲೆ ಪ್ರೋಗ್ರಾಮ್ ಓಡಿತು. ವರದಿಯನ್ನು ಕೂಡಲೇ ಬರೆದಿಡಲು ಹೋದರೆ ಸೂಜಿ ತಡವರಿಸುತ್ತಿತ್ತು. ಆದ್ದರಿಂದ ನೆನಪಿನಲ್ಲಿಟ್ಟುಕೊಂಡು ಬಿಡುವಾದಾಗ ಬರೆಯುವ ಹಾಗೆ ಮಾಡಿದಳು. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಯೂನಿಟ್ಟಿಗೆ ಹೋಗಿ, “ಸಾವ್ಕಾರ್ರೀ, ಇವತ್ತ ಅವ್ವನ ಪಾಳಿ. ಒಂದಿನ ನೋಡ್ತೀನಿ” ಎಂದಳು.

“ಸರೇ, ನೋಡಮ್ಮಾ” ಎಂದ ಆದಿನಾರಾಯಣ.

ದುರುಗಕ್ಕ ಬಂದು ಮಿಷನ್ನಿಗೆ ಕೈಮುಗಿದು ಕೂತಳು. ಮಗಳು ಪಕ್ಕದ ಸ್ಟೂಲಿನ ಮೇಲೆ. ದಿನವಿಡೀ ಸೂಜಿ ಟಕಟಕ ಎಂದಿತು, ಬಂಡಲ್ ಮೇಲೆ ಬಂಡಲ್ ಮುಗಿಯಿತು, ಪರದೆಯ ಮೇಲೆ ಸಾಲುಗಳು ಇಳಿಯುತ್ತ ಹೋದವು. ಒಳಗೆ ಹೋದದ್ದೆಲ್ಲ ಹೊರಗೆ ಬರುತ್ತಿತ್ತು. ಒಂದಕ್ಕೂ ತಾಳೆ ತಪ್ಪಲಿಲ್ಲ. ಕೆಟ್ಟದ್ದೆಂದರೆ, ಬಳ್ಳಿಯೂ ಜಾರಲಿಲ್ಲ. ಸಂಜೆಯ ಕೊನೆಯ ಜೇಬೂ ಬೆಳಗಿನ ಮೊದಲ ಜೇಬಿನ ಹಾಗೇ ಇತ್ತು.

ಆದಿನಾರಾಯಣ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. “ನೋಡಮ್ಮಾ, ನೀನ ಹೇಳು. ಮಗಳು ಪಕ್ಕದಾಗ ಕುಂತಾಳ ಅಂತ ಅಕ್ಕ ಎಚ್ಚರಾಗಿ ಮಾಡಿದ್ಳು. ಸರಿಯಾಗಿ ಬಂತು. ಪ್ರೋಗ್ರಾಮ್ ತಪ್ಪಿದ್ರ ಇವತ್ತೂ ಕೆಡಬೇಕಿತ್ತಲ್ಲ?”

ಕೃಷ್ಣವೇಣಿ ಲ್ಯಾಪ್‌ಟಾಪ್ ಮುಚ್ಚಿದಳು. ಅವ್ವನನ್ನು ಬಿಡಿಸಲು ಹೋಗಿ ಅವ್ವನ ಕುತ್ತಿಗೆಗೇ ಗಂಟು ಹಾಕಿದ ಹಾಗಾಗಿತ್ತು. ಇಬ್ಬರೂ ಷೇರ್ ಆಟೋ ಹತ್ತಿದರು. ಗುಮ್ಮಘಟ್ಟದ ದಾರಿಯ ಕುಣಿಗಳು ಇಬ್ಬರನ್ನೂ ಅತ್ತಿತ್ತ ಅಲ್ಲಾಡಿಸಿದವು.

ಮನೆಗೆ ಬಂದ ದುರುಗಕ್ಕ ಕೈಕಾಲು ತೊಳೆದು, ಗಂಡನ ಕಂಬಳಿಯ ಹರಿದ ಅಂಚು ಹೊಲಿಯಲು ಅಂಗಳದಲ್ಲಿ ಕೂತಳು. ಇನ್ನೂ ಬೆಳಕಿತ್ತು. ಕೃಷ್ಣವೇಣಿ ಚಹಾ ಹಿಡಿದು ಎದುರಿಗೆ ಕೂತಿದ್ದಳು, ನೋಟ ಅವ್ವನ ಕೈ ಮೇಲೆ. ದುರುಗಕ್ಕ ಸೂಜಿಗೆ ದಾರ ಪೋಣಿಸಿದಳು. ಕಂಬಳಿಗೆ ಚುಚ್ಚುವ ಮೊದಲು ತನ್ನ ಸೀರೆಯ ಸೆರಗಿನ ಮೂಲೆಗೆ ಎರಡು ಹೊಲಿಗೆ ಹಾಕಿ, ದಾರ ಎಳೆದು ಬಿಚ್ಚಿ, ಆಮೇಲೆ ಕಂಬಳಿ ಹಿಡಿದಳು.

ಇದನ್ನು ಕೃಷ್ಣವೇಣಿ ಹುಟ್ಟಿದಾಗಿನಿಂದ ನೋಡಿದ್ದಳು. ಅವ್ವನಿಗೆ ಹೊಲಿಗೆ ಕಲಿಸಿದ ಮೈಲಾರಮ್ಮ ಎಂಬ ಮುದುಕಿ ಹಾಕಿಕೊಟ್ಟ ಪದ್ಧತಿ ಅದು. ಮೊದಲ ಸೂಜಿ ನಮ್ಮ ಬಟ್ಟೆಗೆ, ಆಮೇಲೆ ಪರರ ಬಟ್ಟೆಗೆ. ಸೂಜಿ ಮುನಿಸಿಕೊಂಡಿದ್ದರೆ ಕೆಡುವುದು ನಮ್ಮದೇ ಕೆಡಲಿ ಎಂದು. ಅದಕ್ಕೆ ಬೋಣಿ ಎನ್ನುತ್ತಿದ್ದರು. ಚಹಾದ ಲೋಟ ಕೃಷ್ಣವೇಣಿಯ ಕೈಯಲ್ಲೇ ಉಳಿಯಿತು.

“ಅವ್ವಾ, ಮಿಷನ್ ಮ್ಯಾಲೂ ಹಿಂಗ ಮಾಡ್ತೀಯೇನ?”

“ಮಾಡ್ತೀನಿ. ಹೊಸ ಬಂಡಲ್ ಬಂದಾಗೆಲ್ಲ ನಂದೊಂದು ಚಿಂದಿ ಹಾಕಿ ಅರ್ಧ ಎಲಿ ಹೊಲೀತೀನಿ, ಕೆಂಪು ಗುಂಡಿ ಒತ್ತಿ ನಿಲ್ಲಸ್ತೀನಿ, ಚಿಂದಿ ತೆಗದು ಪಾಕೆಟ್ ಹಾಕ್ತೀನಿ. ಬೆಂಗಳೂರಾಗ ಲೈನ್ ಓಡತಿತ್ತು, ಮಾಡಾಕ ಬಿಡತಿದ್ದಿಲ್ಲ. ಇಲ್ಲಿ ಯಾರ್ ಕೇಳ್ತಾರ?”

“ಇವತ್ತ ಮಾಡ್ಲಿಲ್ಲಲ್ಲ?”

ದುರುಗಕ್ಕ ಕಂಬಳಿಯಿಂದ ಕಣ್ಣೆತ್ತಲಿಲ್ಲ. “ನೀನು ಆ ಲ್ಯಾಪ್‌ಟಾಪ್ ಇಟ್ಕಂಡು ಕುಂತಿದ್ದಿ. ಸಾವ್ಕಾರ್ರು ಹಿಂದ ನಿಂತಿದ್ರು. ಓದಿದ ಮಗಳ ಮುಂದ ಮುದುಕಿ ಆಚಾರ ಯಾಕ ತೋರಸಲಿ ಅಂತ ಬಿಟ್ಟೆ.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆಂದರೆ ಇದೇ. ಕೃಷ್ಣವೇಣಿಗೆ ನಗು ಬಂತು. ಕೆಂಪು ಗುಂಡಿಯ ಭಾಗವನ್ನು ಅವಳು ಬರೆದದ್ದು ಬೆರಳಿಗೆ ಸೂಜಿ ಬಿದ್ದರೆ ಎಂಬ ಭಯದಿಂದ. ಅದನ್ನು ಒತ್ತಿದ ಕೂಡಲೇ ಪ್ರೋಗ್ರಾಮ್ ಯಾವ ಫಂಕ್ಷನ್ನಿನೊಳಗೆ ಎಷ್ಟೇ ಆಳದಲ್ಲಿದ್ದರೂ ಎಲ್ಲವನ್ನೂ ಬಿಟ್ಟು ಒಂದೇ ನೆಗೆತಕ್ಕೆ ಮೊದಲಿನ ಜಾಗಕ್ಕೆ ಬರುತ್ತಿತ್ತು. ಬಾಗಿಲಿನಿಂದಲ್ಲ, ಬೇಲಿ ಹಾರಿ. ಬಟ್ಟೆ ಜಗ್ಗುವುದನ್ನು ಸರಿದೂಗಿಸುವ ಫಂಕ್ಷನ್ ಒಳಗೆ ಹೋಗುವಾಗ ಚೌಕಟ್ಟನ್ನು ಕೂದಲೆಳೆಯಷ್ಟು ಸರಿಸುತ್ತಿತ್ತು, ಹೊರಗೆ ಬರುವಾಗ ವಾಪಸು ಇಡುತ್ತಿತ್ತು. ಬೇಲಿ ಹಾರಿದರೆ ವಾಪಸು ಇಡುವವರು ಯಾರು? ಬೋಣಿಗೊಂದು ಕೂದಲೆಳೆ ಸೇರಿ ಸೇರಿ ಸಂಜೆಗೆ ಎಲೆ ಅಂಚು ದಾಟುತ್ತಿತ್ತು. ರಾತ್ರಿ ಮಿಷನ್ ಆರಿಸಿದರೆ ಸರಿದದ್ದೆಲ್ಲ ಅಳಿದುಹೋಗುತ್ತಿತ್ತು, ಮರುದಿನ ಕೂರುವ ಮಂಜುಳ ಬೋಣಿ ಮಾಡುವವಳಲ್ಲ. ಕೃಷ್ಣವೇಣಿಯೂ ಕೆಂಪು ಗುಂಡಿಯನ್ನು ಪರೀಕ್ಷೆ ಮಾಡಿದಾಗೆಲ್ಲ ಮಿಷನ್ ಆರಿಸಿ ಹೊಸದಾಗಿ ಹಚ್ಚಿದ್ದಳು. ಮೊದಮೊದಲು ಕರೆಂಟು ಹೋದಾಗೆಲ್ಲ ಲೆಕ್ಕ ತಾನೇ ಸೊನ್ನೆಗೆ ಬರುತ್ತಿತ್ತು. ಇನ್ವರ್ಟರ್ ಬಂದು ಆ ಪುಣ್ಯವೂ ತಪ್ಪಿತ್ತು.

ಅವ್ವನಿಗೆ ಬಿಡಿಸಿ ಹೇಳಿದಳು. ದುರುಗಕ್ಕ ಪೂರ್ತಿ ಕೇಳಿದಳು. ಸಂತೋಷಪಡುತ್ತಾಳೆಂದುಕೊಂಡರೆ ಅವಳ ಮುಖ ಇನ್ನಷ್ಟು ಬಿಗಿಯಾಯಿತು.

“ಹಂಗಾರ ಸಾವ್ಕಾರ್ರಿಗೆ ಹೇಳಬ್ಯಾಡ. ನಾ ದಾರ ಕತ್ತರಿಸಿಕೆಂಡಿರ್ತೀನಿ. ನನಗೇನು, ಕೈಗೆ ಕೆಲಸ ಐತಿ. ನಿನ್ನ ಪ್ರೋಗ್ರಾಮ್ ತಪ್ಪು ಅಂತ ಒಂದ್ಸಲ ಹೆಸರು ಬಂತು ಅಂದ್ರ ಇನ್ಯಾವ ಯೂನಿಟ್ಟಿನವ್ರೂ ನಿನ್ನ ಕರಿಯಂಗಿಲ್ಲ.”

“ನಿನ್ನ ಕಣ್ಣು ಹೋತು ಅಂತ ಹೆಸರು ಬರಬೌದೇನ?”

“ನನ್ನ ಹೆಸರು ಯಾರಿಗೆ ಬೇಕವ್ವಾ.”

ಕೃಷ್ಣವೇಣಿಗೆ ಸಿಟ್ಟು ಬಂತು. ಅವ್ವನ ಮೇಲಲ್ಲ, ಇಂಥ ಮಾತನ್ನು ಅವ್ವನ ಬಾಯಿಗೆ ಅಭ್ಯಾಸ ಮಾಡಿಸಿದ ವರ್ಷಗಳ ಮೇಲೆ. “ನನಗ ಬೇಕು” ಎಂದಳು. ಅಪ್ಪನ ಕುರಿಗಳ ಸದ್ದು ಕೇಳಿಸಿತು, ಕಂಡಿಯ ಕಡೆಗೆ ಎದ್ದುಹೋದಳು.

ಮರುದಿನ ಭಾನುವಾರ. ಆರ್ಡರ್ ಇದ್ದುದರಿಂದ ಯೂನಿಟ್ ತೆರೆದಿತ್ತು. ಕೃಷ್ಣವೇಣಿ ಆದಿನಾರಾಯಣನನ್ನೂ ಮಂಜುಳಳನ್ನೂ ಮಿಷನ್ ಹತ್ತಿರ ಕರೆದಳು. “ಅವ್ವಾ, ದಿನಾ ಹೆಂಗ ಮಾಡ್ತೀಯೋ ಹಂಗಾ ಮಾಡು. ಯಾರ್ನೂ ನೋಡಬ್ಯಾಡ” ಎಂದಳು. ದುರುಗಕ್ಕ ಸಂಕೋಚದಿಂದ ಸೊಂಟದ ಚೀಲದಿಂದ ಚಿಂದಿ ತೆಗೆದಳು. ಅರ್ಧ ಎಲೆ ಮೂಡಿದ ಕೂಡಲೇ ಕೆಂಪು ಗುಂಡಿ ಒತ್ತಿದಳು. ಪರದೆಯ ಮೇಲೆ ಕೊನೆಯಲ್ಲಿ ಒಳಗೆ ಹೋದ ಹೆಸರುಗಳು ಒಂದರ ಕೆಳಗೊಂದು ಇದ್ದವು. ಅವು ಹೊರಗೆ ಬಂದ ಸಾಲು ಒಂದೂ ಇರಲಿಲ್ಲ.

“ಇಲ್ಲಿ ನೋಡ್ರಿ” ಎಂದಳು ಕೃಷ್ಣವೇಣಿ. “ಹೋಗ್ಯಾವ, ಬಂದಿಲ್ಲ. ಅವ್ವನ ಕಣ್ಣು ಚಲೋ ಅದಾವ್ರಿ ಸಾವ್ಕಾರ್ರೀ. ತಪ್ಪು ನಂದು.”

ಆದಿನಾರಾಯಣ ಪರದೆ ನೋಡಿದ, ಚಿಂದಿ ನೋಡಿದ, ದುರುಗಕ್ಕನ ಮುಖ ನೋಡಲು ಮಾತ್ರ ಹೊತ್ತು ಹಿಡಿಯಿತು. “ನಾನೂ ದುಡುಕಿದೆ ಬಿಡಕ್ಕ” ಎಂದ. ಮಗಳ ಕಡೆ ತಿರುಗಿ, “ಈ ಬೋಣಿ ನಿಲ್ಲಿಸಿಬಿಟ್ರ ಸಾಕಲ್ಲ? ಪ್ರೋಗ್ರಾಮ್ ಯಾಕ ಮುಟ್ಟಬೇಕು?” ಎಂದ.

“ಬೋಣಿ ಅಲ್ರಿ ತಪ್ಪಿರೋದು. ನಾಳೆ ಬೆರಳು ಅಡ್ಡ ಬಂದು ಯಾರಾದ್ರೂ ಗುಂಡಿ ಒತ್ತೇ ಒತ್ತತಾರ. ಆಗ್ಲೂ ಕೆಡತೈತಿ. ಅವ್ವ ಒತ್ತಿದ್ದಕ್ಕ ಈಗ ಗೊತ್ತಾತು.”

ಅಲ್ಲೇ ಸ್ಟೂಲಿನ ಮೇಲೆ ಕೂತು ತಿದ್ದಿದಳು. ಗುಂಡಿ ಒತ್ತಿದರೆ ಸೂಜಿ ಆ ಕ್ಷಣವೇ ನಿಲ್ಲಲಿ. ಪ್ರೋಗ್ರಾಮ್ ಮಾತ್ರ ಹಾರುವುದು ಬೇಡ, ಹೋದ ದಾರಿಯಲ್ಲೇ ಒಂದೊಂದು ಬಾಗಿಲು ದಾಟಿ, ಸರಿಸಿದ್ದನ್ನು ವಾಪಸು ಇಟ್ಟು ಹೊರಗೆ ಬರಲಿ. ಬೆಳಗಿನ ಚಹಾ ಹೋಗಿ ಮಧ್ಯಾಹ್ನದ ಊಟದ ಗಂಟೆ ಬಾರಿಸುವ ಹೊತ್ತಿಗೆ ಕೆಲಸ ಮುಗಿಯಿತು. ಊಟಕ್ಕೆ ಎದ್ದ ಹೆಂಗಸರು ಡಬ್ಬಿ ಹಿಡಿದುಕೊಂಡೇ ಸುತ್ತ ನಿಂತರು.

ದುರುಗಕ್ಕ ಚಿಂದಿಗಾಗಿ ಚೀಲಕ್ಕೆ ಕೈ ಹಾಕಿದಳು. ಕೃಷ್ಣವೇಣಿ ತಡೆದಳು. ಹೊಸ ಪ್ರೋಗ್ರಾಮಿನ ಮೊದಲ ಸೂಜಿ ಇದು. ತನ್ನ ದುಪಟ್ಟಾದ ಮೂಲೆಯನ್ನು ಚೌಕಟ್ಟಿಗೆ ತಾನೇ ಸಿಕ್ಕಿಸಿ, ಬಗ್ಗಿ ನಿಂತಳು. ಅವ್ವ ಅವಳನ್ನು ಒಂದು ಗಳಿಗೆ ನೋಡಿ ಮಿಷನ್ ಹಚ್ಚಿದಳು. ಹಸಿರು ದುಪಟ್ಟಾದ ಮೇಲೆ ಹಳದಿ ದಾರದ ಎಲೆ ಮೂಡತೊಡಗಿತು. ಅರ್ಧವಾದಾಗ ದುರುಗಕ್ಕ ಕೆಂಪು ಗುಂಡಿ ಒತ್ತಿದಳು. ಸೂಜಿ ನಿಂತಿತು.

ಪರದೆಯ ಮೇಲೆ ಸಾಲುಗಳು ಇಳಿದವು. ದುರುಗಕ್ಕನಿಗೆ ಅದನ್ನು ಓದಲು ಬರುವುದಿಲ್ಲ. ಅವಳು ಮಗಳ ಮುಖ ನೋಡುತ್ತ, ಮನೆಯಲ್ಲಿ ಸಂಜೆ ಗಂಡ ಕೇಳುವ ಮಾತನ್ನೇ ಕೇಳಿದಳು.

“ಎಲ್ಲಾ ಬಂದಾವೇನವ್ವಾ?”

ಕೃಷ್ಣವೇಣಿ ಕೊನೆಯ ಸಾಲಿನ ತನಕ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿದಳು.

“ಹೂಂ ಅವ್ವಾ. ಎಲ್ಲಾರೂ ಬಂದಾರ.”